ಮೊರಿಸನ ಸ್ವೀಟ್‌ಹಾರ್ಟ್

ಮೊರಿಸ್ ಫ್ರಾನ್ಸಿನಲ್ಲಿದ್ದ. ರಜೆಯಲ್ಲಿ ಊರಿಗೆ ಹೋದಾಗ ಶಿರ್ವದ ಇಗರ್ಜಿಯ ಅಂಗಳದಲ್ಲಿ ಯಾರಾದರೂ ಕೇಳಿದರೆ ಅವನು ಹಾಗೆಯೇ ಹೇಳುತ್ತಿದ್ದ; ಅದರಲ್ಲಿ ಸುಳ್ಳೂ ಇರಲಿಲ್ಲ. ದುಬೈಯ ಇಂಟರ್‌ನ್ಯಾಷನಲ್ ಸಿಟಿಯಲ್ಲಿ ಕಟ್ಟಡಗಳ ಒಂದೊಂದು ಗುಂಪಿಗೂ ಒಂದೊಂದು ದೇಶದ ಹೆಸರು. ಫ್ರಾನ್ಸಿನಿಂದ ಹವಾಯಿ ಚಪ್ಪಲಿಯಲ್ಲೇ ನಡೆದು ಪರ್ಷಿಯಾದಿಂದ ಮೊಟ್ಟೆ ತರಬಹುದು, ಇಂಗ್ಲೆಂಡಿನಲ್ಲಿ ಕೂದಲು ಕತ್ತರಿಸಿಕೊಳ್ಳಬಹುದು, ಪಾಸ್‌ಪೋರ್ಟು ಕೇಳುವವರಿಲ್ಲ. ಅಲ್ಲಿ ಗಟ್ಟಿಯಾದ ಗಡಿ ಇರುವುದು ಒಂದೇ ಕಡೆ, ಫ್ಯಾಮಿಲಿಗಳಿಗೂ ಬ್ಯಾಚುಲರ್‌ಗಳಿಗೂ ನಡುವೆ. ಆ ಗಡಿ ದಾಟಲು ಮಾತ್ರ ಯಾವ ವೀಸಾವೂ ನಡೆಯುವುದಿಲ್ಲ.

ಮೊರಿಸ್ ಐವತ್ತರ ಹೊಸ್ತಿಲಿನ ಬ್ಯಾಚುಲರ್. ಒಂದು ಟಯರ್ ಕಂಪೆನಿಯಲ್ಲಿ ಸ್ಟೋರ್‌ಕೀಪರ್. ಕಂಪೆನಿಯೇ ಕೊಟ್ಟ ಸ್ಟುಡಿಯೋದಲ್ಲಿ ಒಬ್ಬನೇ ವಾಸ. ಅವನು ಮದುವೆ ಬೇಡವೆಂದವನಲ್ಲ. ಅದು ಒಂದೊಂದು ವರ್ಷ ಮುಂದಕ್ಕೆ ಹೋಗಿ ಹೋಗಿ, ಕೊನೆಗೆ ಮುಂದಕ್ಕೆ ಹೋಗಲು ಜಾಗವಿಲ್ಲದೆ ಅಲ್ಲಿಯೇ ನಿಂತುಬಿಟ್ಟಿತ್ತು. ಶುಕ್ರವಾರ ಪೂಜೆಗೆ ಹೋಗಿ ಬಂದ ಮೇಲೆ ಅವನಿಗೆ ಮಾತನಾಡಲು ಯಾರೂ ಇರುತ್ತಿರಲಿಲ್ಲ. ಆಗ ಅವನು ಟೆಲಿಫೋನ್ ಕಂಪೆನಿಯ ಸಹಾಯವಾಣಿಗೆ ಕರೆ ಮಾಡಿ, ತನಗೆ ಬೇಡದ ಪ್ಯಾಕೇಜುಗಳ ಬಗ್ಗೆ ವಿವರವಾಗಿ ವಿಚಾರಿಸುತ್ತಿದ್ದ. ಕೊನೆಗೆ ಆ ಕಡೆಯ ಹುಡುಗಿ, "ನಿಮಗೆ ಬೇರೇನಾದರೂ ಸಹಾಯ ಬೇಕೇ ಸರ್?" ಎಂದು ಕೇಳುತ್ತಿದ್ದಳು. ಇಡೀ ವಾರದಲ್ಲಿ ಹಾಗೆ ಕೇಳುವವಳು ಅವಳೊಬ್ಬಳೇ.

ಎದುರು ಮನೆಯಲ್ಲಿ ಕಾಪು ಕಡೆಯ ಶೀನಪ್ಪ, ಅವನ ಹೆಂಡತಿ ವಾರಿಜಾಕ್ಷಿ, ನಾಲ್ಕನೇ ಕ್ಲಾಸಿನ ಮಗಳು ಯಶ್ಮಿತಾ ಇದ್ದರು. ಶೀನಪ್ಪ ಕಾರ್ಗೋ ಆಫೀಸಿನವನು, ಲಿಫ್ಟಿನಲ್ಲಿ ಸಿಕ್ಕಿದರೆ "ಎಂತ ಪೊರ್ಬುಗಳೇ, ಸೆಕೆ ಜಾಸ್ತಿ ಅಲ್ವಾ?" ಎನ್ನುತ್ತಿದ್ದ. ಊರಿನಲ್ಲಿ ಕ್ರಿಸ್ತುವರನ್ನು ಕರೆಯುವ ಆ ಹಳೆಯ ಕ್ರಮ ಮೊರಿಸನಿಗೆ ಹಿತವಾಗುತ್ತಿತ್ತು. "ಜಾಸ್ತಿ, ಜಾಸ್ತಿ," ಎನ್ನುತ್ತಿದ್ದ. ಅಷ್ಟರಲ್ಲಿ ಲಿಫ್ಟು ನಿಲ್ಲುತ್ತಿತ್ತು. ಎದುರು ಬಾಗಿಲು ತೆರೆದಾಗ ಮೀನುಸಾರಿನ ಪರಿಮಳ ಒಂದು ಗಳಿಗೆ ಹೊರಗೆ ಬಂದು, ಬಾಗಿಲು ಮುಚ್ಚಿದ ಮೇಲೂ ಕಾರಿಡಾರಿನಲ್ಲಿ ಉಳಿಯುತ್ತಿತ್ತು. ಇಷ್ಟೇ ಅವರ ನೆರೆಹೊರೆಯ ಸಂಬಂಧ.

ಹೀಗಿರುವಾಗ ಮೊರಿಸನ ಅಂಗಿಯ ಒಂದು ಗುಂಡಿ ಕಿತ್ತುಹೋಯಿತು. ಒಂದು ಗುಂಡಿಯಿಂದ ಮನುಷ್ಯ ಅಬುಧಾಬಿಯವರೆಗೆ ಹೋಗಬೇಕಾಗಿ ಬರುತ್ತದೆಂದು ಯಾರೂ ಅಂದುಕೊಳ್ಳುವುದಿಲ್ಲ, ಮೊರಿಸನೂ ಅಂದುಕೊಳ್ಳಲಿಲ್ಲ. ಗುಂಡಿ ಹುಡುಕುತ್ತ ಒಂದು ಶನಿವಾರ ಅವನು ಸಫಾ ಪಾರ್ಕಿನಲ್ಲಿ ನಡೆಯುವ ಹಳೇ ಸಾಮಾನಿನ ಸಂತೆಗೆ ಹೋದ. ದುಬೈ ಬಿಟ್ಟು ಹೋಗುವ ಬಿಳಿಯರು ಅಲ್ಲಿ ದೀಪ, ಪುಸ್ತಕ, ಮಕ್ಕಳ ಸೈಕಲ್ ಎಲ್ಲ ಹರಡಿಕೊಂಡು ಕುಳಿತಿರುತ್ತಾರೆ, ಗಿರಾಕಿ ಏನೂ ಕೊಳ್ಳದಿದ್ದರೂ ನಗುನಗುತ್ತ ಮಾತನಾಡುತ್ತಾರೆ. ಮೊರಿಸನಿಗೆ ಗುಂಡಿಗಿಂತ ಅದೇ ಮುಖ್ಯವಾಗಿತ್ತು.

ಅಲ್ಲಿ ಹೀದರ್ ಎಂಬ ಆಸ್ಟ್ರೇಲಿಯಾದ ಹೆಂಗಸು, ಅರವತ್ತು ದಾಟಿದವಳು, ಗುಂಡಿ ತುಂಬಿದ್ದ ಒಂದು ಹಳೆಯ ಬಿಸ್ಕತ್ತಿನ ಡಬ್ಬಿಯನ್ನು ಅವನಿಗೆ ಮಾರಿದಳು. ಒಂದು ಗುಂಡಿ ಬೇಕಾಗಿದ್ದವನಿಗೆ ಜನ್ಮಕ್ಕಾಗುವಷ್ಟು ಗುಂಡಿ ಸಿಕ್ಕಿತು. ಅವಳು ಅಷ್ಟಕ್ಕೇ ಬಿಡಲಿಲ್ಲ. ಮನೆಯಲ್ಲಿ ಒಂದು ಪುಸ್ತಕದ ಶೆಲ್ಫ್ ಇದೆ, ಬೇಕಾದರೆ ಫೋನ್ ಮಾಡು, ನಾನು ಅಬುಧಾಬಿಯಲ್ಲಿ ಮಗನ ಮನೆಯಲ್ಲಿ ಸ್ವಲ್ಪ ದಿನ ಇದ್ದು ಆಮೇಲೆ ನಮ್ಮ ದೇಶಕ್ಕೆ ಹೋಗುವವಳು ಎಂದು ಹೇಳಿ, ಅವನ ಮೊಬೈಲು ತೆಗೆದುಕೊಂಡು ತನ್ನ ನಂಬರನ್ನು ತಾನೇ ಒತ್ತಿದಳು. 'ಹೀದರ್ ಶೆಲ್ಫ್' ಎಂದು ಹೆಸರೂ ಹಾಕಿದಳು. ಮೊರಿಸನ ಬಳಿ ಪುಸ್ತಕವೇ ಇರಲಿಲ್ಲ. ಆದರೂ ಆಗಲಿ ಎಂದು ತಲೆಯಾಡಿಸಿದ.

ಮನೆಗೆ ಬಂದು ಡಬ್ಬಿಯನ್ನು ಹಾಸಿಗೆಯ ಮೇಲೆ ಸುರಿದರೆ, ಗುಂಡಿಗಳ ನಡುವೆ ಹಳದಿಯಾದದ್ದೊಂದು ಹೊಳೆಯಿತು. ಸೆರಗಿಗೋ ಕಾಲರಿಗೋ ಚುಚ್ಚುವ ಬ್ರೋಚು. ಒಂದು ಪಿಕಾಸಿ, ಒಂದು ಸಲಿಕೆ ಅಡ್ಡಡ್ಡ. ನಡುವೆ ಜೋಡಿ ಹೃದಯ. ಹೃದಯಕ್ಕೆ ಅಂಟಿದ ಹಾಗೆ ಒಂದು ಒರಟು ಚಿನ್ನದ ಹರಳು. ಕೆಳಗೆ ಬಳ್ಳಿಯಂಥ ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಹೆಸರು: ಎಲ್ಸಿ.

ಮೊರಿಸ್ ಪ್ರಾಮಾಣಿಕ. ಕೂಡಲೇ 'ಹೀದರ್ ಶೆಲ್ಫ್'ಗೆ ಫೋನ್ ಮಾಡಿದ. ಅವಳು ಎತ್ತಲಿಲ್ಲ. ಆಮೇಲೆ ಅವನಿಗೆ ಅನಿಸಿತು, ಇದು ಹಿತ್ತಾಳೆಯಾಗಿದ್ದರೆ? ಹಿತ್ತಾಳೆಯ ತುಂಡಿಗಾಗಿ ಒಬ್ಬ ಮುದುಕಿಯನ್ನು ಗಾಬರಿಪಡಿಸುವುದು ಸರಿಯಲ್ಲ. ಮೊದಲು ಯಾರಿಗಾದರೂ ತೋರಿಸುವುದು ಒಳ್ಳೆಯದು. ಈ ಒಂದು ವಿವೇಕದಿಂದಲೇ ಮುಂದಿನ ಅವಿವೇಕಗಳೆಲ್ಲ ಹುಟ್ಟಿಕೊಂಡವು.

ದುಬೈಯ ದೇರಾ ಪೇಟೆಯ ಚಿನ್ನದಂಗಡಿಯೊಂದರಲ್ಲಿ ಉಪ್ಪಿನಂಗಡಿಯ ಮೊಯ್ದಿನಬ್ಬ ಇದ್ದ. ಶೀನಪ್ಪನ ದೋಸ್ತಿ, ಮೊರಿಸನಿಗೂ ಮುಖಪರಿಚಯ. ಅವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬ್ರೋಚನ್ನು ತಿರುಗಿಸಿ ತಿರುಗಿಸಿ ನೋಡಿದ.

"ಚಿನ್ನವೇ ಇದು. ಎಲ್ಲಿಂದ ಸಿಕ್ಕಿತು ನಿಮಗೆ? ಇದಕ್ಕೆ ಸ್ವೀಟ್‌ಹಾರ್ಟ್ ಅಂತ ಹೇಳುದು. ಮುಂಚೆ ಒಬ್ಬಳು ಮದಾಮು ಇಂಥದ್ದೇ ರಿಪೇರಿಗೆ ತಂದಿದ್ಳು. ಹಿಂದಿನ ಕಾಲದಲ್ಲಿ ಚಿನ್ನ ಸಿಗ್ತದೆ ಅಂತ ಆಸ್ಟ್ರೇಲಿಯಾದಲ್ಲಿ ಜನ ಹುಚ್ಚು ಹಿಡಿದ ಹಾಗೆ ಓಡಿದ್ದಂತೆ. ಹಾಗೆ ಅಗೀಲಿಕ್ಕೆ ಹೋದ ಹುಡುಗರು ಹುಡುಗಿಯ ಹೆಸರು ಹಾಕಿ ಮಾಡಿಸಿ ಕಳಿಸ್ತಿದ್ದದ್ದು ಇದು."

"ಹಾಗಾದ್ರೆ ಇದು ಬೇರೆಯವರ ಸ್ವೀಟ್‌ಹಾರ್ಟ್," ಎಂದ ಮೊರಿಸ್.

"ಈಗ ನಿಮ್ಮ ಹತ್ತಿರ ಉಂಟಲ್ಲ? ನಿಮ್ಮದೇ," ಎಂದು ಮೊಯ್ದಿನಬ್ಬ ಅದನ್ನು ಹತ್ತಿಯಲ್ಲಿ ಸುತ್ತಿಕೊಟ್ಟ.

ಅದೇ ಸಂಜೆ ಮೊಯ್ದಿನಬ್ಬ ಬೇರೇನೋ ಕೆಲಸಕ್ಕೆ ಶೀನಪ್ಪನಿಗೆ ಫೋನ್ ಮಾಡಿದ. ಕೊನೆಯಲ್ಲಿ ಮಾತಿಗೆ ಮಾತು ಬಂದು ಹೇಳಿದ: "ನಿಮ್ಮ ಎದುರು ಮನೆಯ ಮೊರಿಸ್ ಬಂದಿದ್ರು ಮಾರಾಯ್ರೆ. ಅವರ ಸ್ವೀಟ್‌ಹಾರ್ಟನ್ನು ನೋಡಿದೆ. ಎಲ್ಸಿ ಅಂತ ಹೆಸರು."

ಶೀನಪ್ಪ ಫೋನನ್ನು ಸ್ಪೀಕರಿಗೆ ಹಾಕಿ ಹೆಂಡತಿಯನ್ನು ಕೈಸನ್ನೆಯಿಂದ ಕರೆದ. "ಹೇಗುಂಟು?"

"ಪ್ರಾಯ ಆಗಿದೆ. ಆದ್ರೂ ಹೊಳಪು ಹೋಗ್ಲಿಲ್ಲ. ಒಳ್ಳೆ ಗಟ್ಟಿ. ಸ್ವಲ್ಪ ಉಜ್ಜಿ ತೊಳೆದ್ರೆ ಸಾಕು."

"ಅವರು ಎಂತ ಹೇಳ್ತಾರೆ?"

"ಬೇರೆಯವರದ್ದು ಅಂತ ಹೆದರ್ತಾರೆ. ನಾನು ಹೇಳಿದೆ, ನಿಮ್ಮ ಕೈಗೆ ಬಂದ ಮೇಲೆ ನಿಮ್ಮದೇ ಅಂತ."

ಮೊಯ್ದಿನಬ್ಬ ಫೋನಿಟ್ಟ. ವಾರಿಜಾಕ್ಷಿ ಸೋಫಾದ ಮೇಲೆ ಕುಳಿತುಬಿಟ್ಟಳು. ಬೇರೆಯವರದ್ದು ಎಂದರೆ ವಿಧವೆ ಇರಬೇಕು, ಪಾಪ, ಎಂದು ಅವಳು ತೀರ್ಮಾನಿಸಿದಳು. ಎಲ್ಸಿ ಎಂಬ ಹೆಸರಿನವರು ಊರಿನ ಕ್ರಿಸ್ತುವರಲ್ಲಿ ಬೇಕಾದಷ್ಟು ಮಂದಿ ಇರುವುದರಿಂದ ಅವಳಿಗೆ ಬೇರೆ ಸಂಶಯವೇ ಬರಲಿಲ್ಲ.

ಮರುದಿನ ಮೊರಿಸನ ಬಾಗಿಲಿನ ಬೆಲ್ಲು ಬಾರಿಸಿತು. ಅದು ಬಾರಿಸುತ್ತದೆಂಬುದೇ ಅವನಿಗೆ ಮರೆತುಹೋಗಿತ್ತು. ಮೊದಲು ಮೊಬೈಲು ನೋಡಿ, ಆಮೇಲೆ ಮೈಕ್ರೋವೇವ್ ನೋಡಿ, ಕೊನೆಗೆ ಬಾಗಿಲು ತೆಗೆದ. ವಾರಿಜಾಕ್ಷಿ ಮುಚ್ಚಿದ ಪಾತ್ರೆ ಹಿಡಿದು ನಿಂತಿದ್ದಳು.

"ಮೊಯ್ದಿನಬ್ಬ ಎಲ್ಲ ಹೇಳಿದ್ರು. ನಮ್ಮ ಹತ್ತಿರ ಹೇಳ್ಲಿಕ್ಕೆ ನಿಮಗೆಂತ ನಾಚಿಕೆ? ಎಲ್ಸಿಬಾಯಿ ಅಂತಲ್ವಾ ಹೆಸರು? ನಮಗೆ ತುಂಬ ಖುಷಿ ಆಯ್ತು."

ಅವಳು ಏನು ತಿಳಿದುಕೊಂಡಿದ್ದಾಳೆಂದು ಮೊರಿಸನಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ತಿದ್ದಬೇಕೆಂದು ಅವನು ಬಾಯಿ ತೆರೆದ. ಅದೇ ಹೊತ್ತಿಗೆ ವಾರಿಜಾಕ್ಷಿ ಪಾತ್ರೆಯ ಮುಚ್ಚಳ ತೆರೆದಳು. ಬಂಗುಡೆ ಮೀನಿನ ಹುಳಿಖಾರದ ಪುಳಿಮುಂಚಿ. ಕಾರಿಡಾರಿನ ಗಾಳಿಯಲ್ಲಿ ಇಷ್ಟು ವರ್ಷ ದೂರದಿಂದ ಮೂಸಿದ್ದು ಈಗ ಅವನ ಕೈಗೇ ಬಂದಿತ್ತು. ತೆರೆದ ಬಾಯಿಯನ್ನು ಮೊರಿಸ್ ಹಾಗೆಯೇ ಮುಚ್ಚಿಕೊಂಡ.

"ಶುಕ್ರವಾರ ಊಟಕ್ಕೆ ಬನ್ನಿ," ಎಂದಳು ವಾರಿಜಾಕ್ಷಿ.

ಹೀಗೆ ಮೊರಿಸ್ ಗಡಿ ದಾಟಿದ. ಮದುವೆ ನಿಶ್ಚಯವಾಗುವ ಹಂತದಲ್ಲಿರುವ ಬ್ಯಾಚುಲರ್ ಅರ್ಧ ಫ್ಯಾಮಿಲಿ ಇದ್ದ ಹಾಗೆ. ಅವನನ್ನು ಒಳಗೆ ಕೂರಿಸಬಹುದು, ಮಗಳ ಚಿತ್ರಪುಸ್ತಕ ತೋರಿಸಬಹುದು, ಫ್ಯಾನಿನ ಕೆಳಗಿನ ಕುರ್ಚಿ ಕೊಡಬಹುದು. ಶುಕ್ರವಾರದ ಮೇಲೆ ಶುಕ್ರವಾರ ಮೊರಿಸ್ ಆ ಕುರ್ಚಿಯಲ್ಲಿ ಕುಳಿತ.

ಅವನ ಪರವಾಗಿ ಒಂದು ಮಾತು ಹೇಳಲೇಬೇಕು. ಅವನು ಒಂದೇ ಒಂದು ಸುಳ್ಳನ್ನೂ ಆಡಲಿಲ್ಲ. ಎಲ್ಸಿಯ ಸ್ವಭಾವ ಹೇಗೆಂದು ವಾರಿಜಾಕ್ಷಿ ಕೇಳಿದಾಗ, "ಮಾತು ಕಡಿಮೆ," ಎಂದ. ನೋಡಲು ಹೇಗೆ ಎಂದಾಗ, "ಹಳೇ ಕಾಲದ ಚಂದ," ಎಂದ. ಎಲ್ಲಿ ಪರಿಚಯವಾಯಿತೆಂದಾಗ, "ಸಫಾ ಪಾರ್ಕಿನಲ್ಲಿ," ಎಂದ. ಯಶ್ಮಿತಾ, "ಅಂಕಲ್, ಈಸ್ ಶೀ ಟಾಲ್?" ಎಂದು ಕೇಳಿದಾಗ ಮಾತ್ರ ಸ್ವಲ್ಪ ಯೋಚಿಸಿ, "ಇಲ್ಲ ಮಗಾ, ಗಿಡ್ಡ," ಎಂದು ಹೇಳಿ ಎರಡನೇ ಸಲ ಅನ್ನ ಹಾಕಿಸಿಕೊಂಡ.

ಶೀನಪ್ಪನ ಕಾರ್ಗೋದಲ್ಲಿ ಸಾಮಾನು ಮುಟ್ಟಲು ವಾರಗಟ್ಟಲೆ ಬೇಕಾಗುತ್ತಿತ್ತು. ಸುದ್ದಿ ಮಾತ್ರ ಅದೇ ದಿನ ಮುಟ್ಟುತ್ತಿತ್ತು. ಟಯರ್ ಕಂಪೆನಿಯ ಮ್ಯಾನೇಜರ್, ಎಲ್ಲರೂ ಮುದೀರ್ ಎನ್ನುವವನು, ಮೊರಿಸನನ್ನು ತನ್ನ ಕೋಣೆಗೆ ಕರೆಸಿ, "ಮಬ್ರೂಕ್" ಎಂದು ಶುಭ ಹಾರೈಸಿ ಬೆನ್ನು ತಟ್ಟಿ ಖರ್ಜೂರ ಕೊಟ್ಟ. ಇಷ್ಟು ವರ್ಷಗಳಲ್ಲಿ ಆ ದೊಡ್ಡ ಮನುಷ್ಯ ಅವನನ್ನು ಕರೆದಿದ್ದು ಟಯರ್ ಕಡಿಮೆ ಬಂದಾಗ ಮಾತ್ರ. "ನಿನ್ನ ವೀಸಾದಲ್ಲಿ ಅವಳನ್ನು ಯಾವಾಗ ಕರೆಸುತ್ತೀ?" ಎಂದು ಕೇಳಿದ. "ಅವಳು ಇಲ್ಲಿಯೇ ಇದ್ದಾಳೆ ಸರ್," ಎಂದ ಮೊರಿಸ್, ಅದೂ ನಿಜವೇ ಆಗಿದ್ದರಿಂದ. ಕಟ್ಟಡದ ನಾತೂರ್, ಎಂದರೆ ಕಾವಲಿನವನು, ಕಳೆದ ಬೇಸಿಗೆಯಿಂದ ತೊಟ್ಟಿಕ್ಕುತ್ತಿದ್ದ ಮೊರಿಸನ ಏಸಿಯನ್ನು ಹೇಳದೆಯೇ ಬಂದು ಸರಿಮಾಡಿ, "ಮೇಡಂ ಆಯೇಗಾ ತೋ ಗರ್ಮಿ ನಹೀ ಹೋನಾ," ಎಂದ; ಮೇಡಂ ಬಂದಾಗ ಸೆಕೆಯಾಗಬಾರದಂತೆ.

ಅತ್ತ ಶಿರ್ವದಲ್ಲಿ ಅವನ ಅಕ್ಕ ಲೂರ್ದ್‌ಗೂ ಇದು ತಲುಪಿತು. ಮೂರೂ ಹೊತ್ತು ತಮ್ಮನ ಮದುವೆಗಾಗಿ ತೇರ್ಸ ಮಾಡಿ ಮಾಡಿ ಜಪಮಾಲೆಯ ಮಣಿ ಸವೆಸಿದವಳು ಅವಳು. ಫೋನಿನಲ್ಲಿ ಮೊದಲು ಅತ್ತಳು, ಆಮೇಲೆ ಬೈದಳು.

"ಊರಿಗೆಲ್ಲ ಗೊತ್ತಾದ ಮೇಲೆ ನನಗೆ ಗೊತ್ತಾಗ್ಬೇಕಾ? ಪಾದ್ರಿಗಳ ಹತ್ತಿರ ಮಾತಾಡಿ ಬಂದಿದ್ದೇನೆ. ಹಿಂದಿನ ಕೋಣೆಗೆ ಸುಣ್ಣ ಹೊಡೆಸಿದೆ. ಫೋಟೋ ಕಳ್ಸು."

"ಫೋಟೋ ಈಗ ಬೇಡ ಅಕ್ಕ."

"ಕಪ್ಪಾ?"

"ಅಲ್ಲ ಅಕ್ಕ. ಬಂಗಾರದ ಬಣ್ಣ."

"ದೇವರು ದೊಡ್ಡವನು," ಎಂದು ಲೂರ್ದ್ ಮತ್ತೆ ಅತ್ತಳು. ಮೊರಿಸ್ ಆ ಅಳು ನಿಲ್ಲಲೆಂದು ಕಾದ. ಈಗ ನಿಜ ಹೇಳಬೇಕೆಂದುಕೊಂಡ. ಆದರೆ ಅವಳು ಅಷ್ಟರಲ್ಲಿ ಫೋನಿಟ್ಟಾಗಿತ್ತು.

ಈ ಎಲ್ಲದರ ನಡುವೆ ಮೊಬೈಲಿನಲ್ಲಿ 'ಹೀದರ್ ಶೆಲ್ಫ್' ಇದ್ದೇ ಇದ್ದಳು. ಒಂದು ಸಲ ಎತ್ತಲಿಲ್ಲವೆಂದು ಎರಡನೇ ಸಲ ಕರೆಯಬಾರದೆಂದೇನೂ ಇಲ್ಲ. ಮೊರಿಸ್ ಎಷ್ಟೋ ಸಲ ಆ ಹೆಸರಿನ ಮೇಲೆ ಬೆರಳಿಟ್ಟು ಕುಳಿತ. ಬ್ರೋಚು ಹೋದರೆ ಎಲ್ಸಿ ಹೋಗುತ್ತಾಳೆ. ಎಲ್ಸಿ ಹೋದರೆ ಫ್ಯಾನಿನ ಕೆಳಗಿನ ಕುರ್ಚಿ ಹೋಗುತ್ತದೆ, ಪುಳಿಮುಂಚಿ ಹೋಗುತ್ತದೆ, "ಅಂಕಲ್, ಲುಕ್" ಎಂದು ಆನೆಯ ಚಿತ್ರ ತೋರಿಸುವ ಹುಡುಗಿ ಹೋಗುತ್ತಾಳೆ. ಇನ್ನೊಂದು ಶುಕ್ರವಾರ ಕಳೆಯಲಿ, ಎಂದು ಬೆರಳು ತೆಗೆಯುತ್ತಿದ್ದ. ಆಗಾಗ ಹತ್ತಿ ಬಿಡಿಸಿ ಬ್ರೋಚನ್ನು ನೋಡಿ, ಅದರ ಎದುರಿಗೇ ಊಟಕ್ಕೆ ಕುಳಿತುಕೊಳ್ಳುವ ಅಭ್ಯಾಸವೂ ಆಯಿತು. "ಇವತ್ತು ಮೊಟ್ಟೆಯೇ," ಎಂದು ಅದಕ್ಕೆ ಒಮ್ಮೆ ಹೇಳಿದ. ಹೇಳಿದ ಮೇಲೆ ತನಗೇ ಹೆದರಿಕೆಯಾಗಿ ಟಿವಿ ಹಾಕಿದ.

ವಾರಿಜಾಕ್ಷಿ ಸುಮ್ಮನೆ ಕೂರುವವಳಲ್ಲ. ಮೊರಿಸ್ ನಾಚಿಕೆಯಿಂದ ಎಲ್ಸಿಯನ್ನು ಕರೆತರುತ್ತಿಲ್ಲವೆಂದು ಅವಳಿಗೆ ಖಾತ್ರಿಯಾಗಿತ್ತು. ಅಲ್ ಐನ್‌ನಲ್ಲಿ ಟೀಚರಾಗಿದ್ದ ತನ್ನ ಚಿಕ್ಕಮ್ಮನ ಮಗಳು ಲೋಲಾಕ್ಷಿಗೆ ಫೋನ್ ಮಾಡಿ, ಮಂಗಳೂರು ಕಡೆಯ ಎಲ್ಸಿ ಎಂಬವರು ಯಾರಾದರೂ ಗೊತ್ತುಂಟಾ ಎಂದು ವಿಚಾರಿಸಿದಳು. ಗೊತ್ತಿಲ್ಲದೆ ಏನು? ಲೋಲಾಕ್ಷಿಯ ಕಟ್ಟಡದಲ್ಲೇ ಕಲ್ಯಾಣಪುರದ ಎಲ್ಸಿ ಇದ್ದಳು. ಆಸ್ಪತ್ರೆಯಲ್ಲಿ ನರ್ಸು, ನಲವತ್ತೇಳರ ಪ್ರಾಯ, ಗಿಡ್ಡ, ಬಣ್ಣ ಬಿಳಿ, ಮಾತು ಕಡಿಮೆ. ವಿಧವೆಯಲ್ಲ, ಮದುವೆಯೇ ಆಗಿಲ್ಲ. ಅದು ಇನ್ನೂ ಒಳ್ಳೆಯದೇ ಆಯಿತು. ಲೋಲಾಕ್ಷಿ ಕೂಡಲೇ ಮೇಲಿನ ಮಹಡಿಗೆ ಹೋಗಿ, "ನಿಮ್ಮ ಮೊರಿಸ್ ಹೇಗಿದ್ದಾರೆ?" ಎಂದು ಕೇಳಿದಳು.

"ಯಾವ ಮೊರಿಸ್?" ಎಂದಳು ಎಲ್ಸಿ.

ಲೋಲಾಕ್ಷಿಯ ಪ್ರಕಾರ ಆ "ಯಾವ ಮೊರಿಸ್" ಎನ್ನುವಾಗಿನ ನಾಚಿಕೆಯೇ ಸಾಕ್ಷಿ. ಸುದ್ದಿ ಚಿನ್ನದಂಗಡಿಯಿಂದ ಬಂದದ್ದೆಂದು ಕೇಳಿದ್ದರಿಂದ ತನ್ನದೂ ಸ್ವಲ್ಪ ಸೇರಿಸಿ, ದುಬೈಯಲ್ಲಿ ಒಬ್ಬ ನಿಮ್ಮ ಹೆಸರನ್ನು ಚಿನ್ನದಲ್ಲಿ ಬರೆಸಿ ಇಟ್ಟುಕೊಂಡಿದ್ದಾನೆ, ಇಡೀ ಫ್ರಾನ್ಸಿಗೆ ಗೊತ್ತು, ಇನ್ನು ಅಡಗಿಸಿ ಪ್ರಯೋಜನವಿಲ್ಲ, ಶುಕ್ರವಾರ ಊಟಕ್ಕೆ ಹೋಗಿ ಎಂದು ಅವಳು ಎಲ್ಸಿಗೆ ವಿಳಾಸವನ್ನೂ ಕೊಟ್ಟು ಬಂದಳು.

ಆ ಶುಕ್ರವಾರ ಮೊರಿಸ್ ಎಂದಿನಂತೆ ಎದುರು ಮನೆಗೆ ಹೋದಾಗ ಅಲ್ಲಿ ಮದುವೆ ಮನೆಯ ಕಳೆ ಇತ್ತು. ಕೋರಿ ರೊಟ್ಟಿ, ಕಾಣೆ ಮೀನಿನ ಫ್ರೈ, ಎರಡು ಬಗೆಯ ಪಾಯಸ. ಮೊಯ್ದಿನಬ್ಬನೂ ಬಂದು ಸೋಫಾದಲ್ಲಿ ಕುಳಿತಿದ್ದ. ಯಶ್ಮಿತಾ ಫ್ರಾಕಿಗೆ ರಿಬ್ಬನ್ ಕಟ್ಟಿಕೊಂಡಿದ್ದಳು. ಯಾರ ಬರ್ತ್‌ಡೇ ಎಂದು ಮೊರಿಸ್ ಕೇಳುವಷ್ಟರಲ್ಲಿ ಬೆಲ್ಲು ಬಾರಿಸಿತು. ನೀಲಿ ಸೀರೆ ಉಟ್ಟ ಗಿಡ್ಡ ಹೆಂಗಸೊಬ್ಬಳು ಒಳಗೆ ಬಂದಳು.

"ಎಲ್ಸಿಬಾಯಿ," ಎಂದು ವಾರಿಜಾಕ್ಷಿ ಅವಳ ಎರಡೂ ಕೈ ಹಿಡಿದುಕೊಂಡಳು. ಮೊರಿಸನ ಕಡೆ ತಿರುಗಿ, "ಸರ್‌ಪ್ರೈಸ್ ಹೇಗುಂಟು?" ಎಂದಳು.

ಮೊರಿಸನಿಗೆ ಬ್ರೋಚಿಗೇ ಕೈಕಾಲು ಬಂದು ಸೀರೆ ಉಟ್ಟು ಎದುರಿಗೆ ನಿಂತ ಹಾಗಾಯಿತು. ಎದ್ದ. ಕುಳಿತ. ಮತ್ತೆ ಎದ್ದ.

"ಮೊರಿಸ್ ಯಾರು ಇದರಲ್ಲಿ?" ಎಂದು ಆ ಹೆಂಗಸು ಕೇಳಿದಳು.

 ಶೀನಪ್ಪ ನಗಲು ನೋಡಿದ, ಅದು ಕೆಮ್ಮಾಯಿತು. ಎಲ್ಸಿ ಮೊಯ್ದಿನಬ್ಬನನ್ನೂ ಶೀನಪ್ಪನನ್ನೂ ನೋಡಿ, ಕೊನೆಗೆ ಎದ್ದು ನಿಂತು ಬೆವರುತ್ತಿದ್ದವನ ಮೇಲೆ ಕಣ್ಣು ನಿಲ್ಲಿಸಿದಳು. "ನೀವಾ? ನನ್ನ ಹೆಸರು ಚಿನ್ನದಲ್ಲಿ ಬರೆಸಿದ್ದು ನೀವಾ? ನನ್ನನ್ನು ಎಲ್ಲಿ ನೋಡಿದ್ದೀರಿ?"

ಮೊರಿಸ್ ಆಗ ಎಲ್ಲವನ್ನೂ ಹೇಳಿದ. ಗುಂಡಿಯಿಂದ ಶುರುಮಾಡಿದ. ಡಬ್ಬಿ, ಹೀದರ್, ಮೊಯ್ದಿನಬ್ಬ, ಸ್ವೀಟ್‌ಹಾರ್ಟ್ ಎಂಬ ಮಾತು, ಪುಳಿಮುಂಚಿ. ತನ್ನ ಮನೆಗೆ ಓಡಿಹೋಗಿ ಬ್ರೋಚನ್ನು ತಂದು ಟೀಪಾಯಿಯ ಮೇಲೆ ಇಟ್ಟ. ಎಲ್ಲರೂ ಬಗ್ಗಿ ಅದನ್ನು ನೋಡಿದರು. ಯಶ್ಮಿತಾ, "ಶೀ ಈಸ್ ವೆರಿ ಶಾರ್ಟ್," ಎಂದಳು. ಯಾರೂ ನಗಲಿಲ್ಲ.

"ಗಟ್ಟಿ ಉಂಟು, ಹೊಳಪು ಉಂಟು ಅಂತ ನಾನು ಹೇಳಿದ್ದು ಇದನ್ನೇ," ಎಂದ ಮೊಯ್ದಿನಬ್ಬ, ತನ್ನ ತಪ್ಪಿಲ್ಲವೆಂದು ತೋರಿಸಲು.

ವಾರಿಜಾಕ್ಷಿ ಬ್ರೋಚನ್ನು ಎತ್ತಿ ಹೆಸರು ಓದಿ ಮತ್ತೆ ಕೆಳಗಿಟ್ಟಳು. ಆಮೇಲೆ, "ಹೀಗೇ ಊಟಕ್ಕೆ ಕರೀತಿದ್ದೆವಲ್ಲ ಮಾರಾಯ್ರೆ, ಒಮ್ಮೆ ಹೇಳಿದ್ರೆ," ಎಂದಳು. ಹೇಳಿದವಳಿಗೇ ಅದು ಪೂರ್ತಿ ನಿಜವಲ್ಲವೆಂದು ಗೊತ್ತಾಗಿರಬೇಕು. ಮಾತು ಅರ್ಧಕ್ಕೆ ನಿಂತಿತು. ಅವಳ ಮುಖ ಕೆಂಪಾಯಿತು. "ಮಾಡಿದ್ದನ್ನು ಬಿಸಾಡ್ಲಿಕ್ಕೆ ಆಗುದಿಲ್ಲ. ಎಲ್ಲರೂ ಕೂತ್ಕೊಳ್ಳಿ," ಎಂದು ತಟ್ಟೆ ಹಾಕಿದಳು. ದುಬೈಯಲ್ಲಿ ಅಷ್ಟು ರುಚಿಯಾದ ಊಟವನ್ನು ಅಷ್ಟು ಮೌನವಾಗಿ ಯಾರೂ ಉಂಡಿರಲಿಕ್ಕಿಲ್ಲ. ಎಲ್ಸಿ ಮಾತ್ರ ನಡುವೆ ಒಮ್ಮೆ ತಲೆಯೆತ್ತಿ, "ಕಾಣೆ ಚೆನ್ನಾಗುಂಟು," ಎಂದಳು.

ಕೈ ತೊಳೆದುಕೊಂಡ ಮೇಲೆ ಅವಳು ಮೊರಿಸನನ್ನು ಕಾರಿಡಾರಿಗೆ ಕರೆದಳು. ಅವಳು ಬೈಯುತ್ತಾಳೆಂದು ಮೊರಿಸ್ ಗೋಡೆಗೆ ಒರಗಿ ನಿಂತ.

"ಆ ಹೆಂಗಸಿನ ನಂಬರ್ ನಿಮ್ಮ ಹತ್ತಿರ ಉಂಟು ಅಂದ್ರಿ. ಮತ್ತೆ ಯಾಕೆ ಫೋನ್ ಮಾಡ್ಲಿಲ್ಲ?"

"ಒಂದು ಸಲ ಮಾಡಿದೆ."

"ಆಮೇಲೆ?"

ಮೊರಿಸ್ ಶೀನಪ್ಪನ ಮನೆಯ ಮುಚ್ಚಿದ ಬಾಗಿಲನ್ನು ನೋಡಿದ. "ಆಮೇಲೆ ಊಟಕ್ಕೆ ಕರೆದ್ರು," ಎಂದ.

ಎಲ್ಸಿ ಸೆರಗು ಸರಿಮಾಡಿಕೊಂಡಳು. "ಲೋಲಾಕ್ಷಿ ಹೇಳಿದ್ದು ಸುಳ್ಳು ಅಂತ ನನಗೆ ಮೊದ್ಲೇ ಗೊತ್ತಿತ್ತು," ಎಂದಳು. "ಯಾರೋ ಗುರುತಿಲ್ಲದವನು ನನ್ನ ಹೆಸರು ಚಿನ್ನದಲ್ಲಿ ಯಾಕೆ ಬರೆಸ್ತಾನೆ? ಬೈದು ಬರುವ ಅಂತಲೇ ಹೊರಟದ್ದು. ಆದ್ರೆ ಬೈಲಿಕ್ಕೆ ಹೋಗುವವಳು ಸೀರೆಗೆ ಇಸ್ತ್ರಿ ಹಾಕಿದೆ ನೋಡಿ. ಬಸ್ಸಿನಲ್ಲಿ ಕೂತ ಮೇಲೆ ಅದು ನನಗೇ ಗೊತ್ತಾದದ್ದು."

 ಮೊರಿಸ್ ಇಸ್ತ್ರಿ ಚೆನ್ನಾಗಿದೆ ಎನ್ನಲು ಹೊರಟು, ಅದೃಷ್ಟಕ್ಕೆ, ಬಾಯಿ ಮುಚ್ಚಿಕೊಂಡ.

"ಈಗ ಫೋನ್ ಮಾಡಿ," ಎಂದಳು ಎಲ್ಸಿ, ರೋಗಿಗೆ ಮಾತ್ರೆ ನುಂಗು ಎನ್ನುವ ದನಿಯಲ್ಲಿ. "ನನ್ನ ಎದುರಿಗೇ ಮಾಡಿ."

ಹೀದರ್ ಈ ಸಲ ಎತ್ತಿದಳು.  ಮೊರಿಸ್ ಹೇಳಿ ಮುಗಿಸುವ ಮೊದಲೇ ಅಳುವ ಸದ್ದು ಕೇಳಿಸಿತು. ಮನೆ ಖಾಲಿ ಮಾಡುವಾಗ ಕಳೆದುಹೋಗಬಾರದೆಂದು ತಾನೇ ಅದನ್ನು ಗುಂಡಿಗಳ ಅಡಿಯಲ್ಲಿ ಹುಗಿದಿಟ್ಟು, ತಾನೇ ಮರೆತು, ತಾನೇ ಮಾರಿದ್ದಳಂತೆ. ಕಟ್ಟಿದ ಪೆಟ್ಟಿಗೆಗಳನ್ನೆಲ್ಲ ಬಿಚ್ಚಿಸಿ ಹುಡುಕಿದ್ದಳು. ಮಗನ ಹೆಂಡತಿಯ ಮೇಲೂ ಸಂಶಯಪಟ್ಟು ಆ ಮನೆಯಲ್ಲಿ ಮಾತೇ ನಿಂತುಹೋಗಿತ್ತು. ಮರುದಿನವೇ ಅವಳ ವಿಮಾನ.

ಅದನ್ನು ಕೇಳಿ ಮೊರಿಸನ ಮುಖ ಬೆಳ್ಳಗಾಯಿತು. ತಾನು ಶುಕ್ರವಾರಗಳನ್ನು ಉಣ್ಣುತ್ತಿದ್ದಾಗ ಅಬುಧಾಬಿಯ ಒಂದು ಮನೆಯಲ್ಲಿ ಇನ್ಯಾರೋ ಊಟ ಬಿಟ್ಟಿದ್ದರು.

"ಇವತ್ತೇ ಕೊಟ್ಟು ಬನ್ನಿ," ಎಂದಳು ಎಲ್ಸಿ. "ನಾನೂ ಬರ್ತೇನೆ. ಅಬುಧಾಬಿಯಿಂದ ಅಲ್ ಐನ್‌ಗೆ ಬಸ್ಸುಂಟು. ನಿಮ್ಮನ್ನು ಒಬ್ಬರನ್ನೇ ಕಳಿಸಿದ್ರೆ ದಾರಿಯಲ್ಲಿ ಮತ್ತೆ ಯಾರಾದ್ರೂ ಊಟಕ್ಕೆ ಕರೆದಾರು."

ಅಬುಧಾಬಿಯ ಬಸ್ಸಿನಲ್ಲಿ ಹೆಂಗಸರು ಮುಂದೆ, ಗಂಡಸರು ಹಿಂದೆ. ಆದ್ದರಿಂದ ಆ ದೊಡ್ಡ ಹೆದ್ದಾರಿಯ ಉದ್ದಕ್ಕೂ ಮೊರಿಸ್ ಎಲ್ಸಿಯ ತಲೆಯ ಹಿಂಭಾಗವನ್ನು ನೋಡುತ್ತ ಕುಳಿತ. ಕಿಟಕಿಯ ಹೊರಗೆ ಮರಳು, ಕಂಬ, ಮರಳು. ಅವಳು ಒಮ್ಮೆ ಹಿಂತಿರುಗಿ ನೋಡಿದಳು. ಬ್ರೋಚು ಇದೆಯಾ ಎಂದು ಕೇಳುತ್ತಿದ್ದಾಳೆಂದು ತಿಳಿದು ಅವನು ಜೇಬು ತಟ್ಟಿ ತೋರಿಸಿದ. ಅವಳು ಮುಂದಕ್ಕೆ ತಿರುಗಿದಳು. ಅವಳು ಕೇಳಿದ್ದು ಅದನ್ನೇ ಹೌದೋ ಅಲ್ಲವೋ ಎಂದು ಆಮೇಲೆ ಅವನಿಗೆ ಸಂಶಯವಾಯಿತು.

ಬಸ್ ಸ್ಟ್ಯಾಂಡಿನ ಕ್ಯಾಂಟೀನಿನಲ್ಲಿ ಹೀದರ್ ಕಾಯುತ್ತಿದ್ದಳು. ಹತ್ತಿ ಬಿಡಿಸಿ ಬ್ರೋಚನ್ನು ಅಂಗೈಯಲ್ಲಿಟ್ಟುಕೊಂಡಳು. ಮೊರಿಸನಿಗೆ ಎಷ್ಟು ಸಲ ಥ್ಯಾಂಕ್ಸ್ ಹೇಳಿದಳೆಂದರೆ, ಅವನಿಗೆ ಅದನ್ನು ಕೇಳಿ ಕುಳಿತಿರುವುದೇ ಶಿಕ್ಷೆಯಾಯಿತು. "ಇಷ್ಟು ದಿನ ನನ್ನ ಹತ್ತಿರವೇ ಇತ್ತು. ತಡಮಾಡಿದ್ದು ನನ್ನ ತಪ್ಪು," ಎಂದು ಅವನು ಇಂಗ್ಲಿಷಿನಲ್ಲಿ, ವಾಕ್ಯವನ್ನು ಎರಡು ಸಲ ಮುರಿದು, ಹೇಳಿದ. ಅವಳು ಅದನ್ನು ವಿನಯವೆಂದೇ ತಿಳಿದಳು. ಆಮೇಲೆ ಪಕ್ಕದಲ್ಲಿದ್ದವಳ ಹೆಸರು ಕೇಳಿದಳು.

"ಎಲ್ಸಿ," ಎಂದಳು ಎಲ್ಸಿ.

ಹೀದರ್ ಅವಳನ್ನೂ ಬ್ರೋಚನ್ನೂ ನೋಡಿದಳು. ಚಹಾ ತರಿಸಿ, ಹೇಳತೊಡಗಿದಳು. ಈ ಎಲ್ಸಿ ಅವಳ ಮುತ್ತಜ್ಜಿ. ಅವಳನ್ನು ಬಯಸಿದ ಹುಡುಗ ಚಿನ್ನ ಅಗೆಯಲು ಮರುಭೂಮಿಗೆ ಹೋದ. ನೀರಿಲ್ಲ, ನೆರಳಿಲ್ಲ, ಮಾತಾಡಲು ಯಾರೂ ಇಲ್ಲ. ಸಿಕ್ಕಿದ ಮೊದಲ ಚಿನ್ನದಲ್ಲಿ ಇದನ್ನು ಮಾಡಿಸಿ, ಬರುತ್ತೇನೆ ಎಂದು ಹೇಳಿಕಳುಹಿಸಿದ. ಎಲ್ಸಿ ಕಾದಳು. ಆಮೇಲೆ ಪಕ್ಕದ ಬೀದಿಯ ಬೇಕರಿಯವನನ್ನು ಮದುವೆಯಾದಳು.

"ಅವನು ವಾಪಸ್ ಬಂದನಾ?" ಎಂದು ನರ್ಸ್ ಎಲ್ಸಿ ಕೇಳಿದಳು.

"ಬಂದ. ಬೇಕರಿಗೆ ಹೋಗಿ ಒಂದು ಬ್ರೆಡ್ಡು ಕೊಂಡು, ಏನೂ ಹೇಳದೆ ಹೋದನಂತೆ. ಆ ಬ್ರೆಡ್ಡನ್ನು ಕಟ್ಟಿಕೊಟ್ಟವಳು ಅವಳೇ. ಇದನ್ನು ಅವಳು ಸಾಯುವವರೆಗೂ ಹಾಕಿಕೊಂಡಿದ್ದಳು, ಗಂಡ ಒಂದು ಮಾತೂ ಕೇಳಲಿಲ್ಲ."

ಹೀದರ್ ಟ್ಯಾಕ್ಸಿ ಹತ್ತಿ ಹೋದಳು. ಮೊರಿಸ್, ಎಲ್ಸಿ ಇಬ್ಬರೂ ತಣ್ಣಗಾದ ಚಹಾದ ಎದುರು ಕುಳಿತಿದ್ದರು. ಹೇಳಲು ಎಷ್ಟೋ ಇದ್ದಂತೆ ಮೊರಿಸನಿಗೆ ಅನಿಸಿತು. ಅವನು ಹೇಳಿದ್ದು ಮಾತ್ರ, "ಅಲ್ ಐನ್‌ನಲ್ಲಿ ಸೆಕೆ ಜಾಸ್ತಿಯಾ?" ಎಂದು.

"ಜಾಸ್ತಿ," ಎಂದಳು ಎಲ್ಸಿ.

ಅಲ್ ಐನ್ ಬಸ್ಸು ಬಂತು. ಅವಳು ಹತ್ತಿ ಕಿಟಕಿಯ ಬಳಿ ಕುಳಿತಳು. ಮೊರಿಸ್ ಕೆಳಗೆ ನಿಂತ. ಬಸ್ಸು ಹೊರಡುವಾಗ ಅವಳು ಗಾಜಿಗೆ ಮುಖ ಹತ್ತಿರ ತಂದು ಏನೋ ಕೇಳಿದಳು. ಮುಚ್ಚಿದ ದಪ್ಪ ಗಾಜು, ಇಂಜಿನಿನ ಸದ್ದು, ಒಂದಕ್ಷರ ಕೇಳಲಿಲ್ಲ. ಮೊರಿಸ್ ಹೌದೆಂದು ತಲೆಯಾಡಿಸಿದ. ಎಲ್ಸಿ ಒಂದು ಕ್ಷಣ ಆಶ್ಚರ್ಯಪಟ್ಟ ಹಾಗೆ ಅವನನ್ನು ನೋಡಿದಳು. ಬಸ್ಸು ತಿರುಗಿತು.

ದುಬೈಗೆ ಮರಳುವ ಬಸ್ಸಿನಲ್ಲಿ ಮೊರಿಸನಿಗೆ ಒಂದೇ ಯೋಚನೆ. ತಾನು ಹೌದೆಂದದ್ದು ಯಾವುದಕ್ಕೆ? ಊಟ ಜೀರ್ಣವಾಯಿತಾ ಎಂದಿರಬಹುದು. ನಿಮಗೆ ನಾಚಿಕೆಯಾಗುವುದಿಲ್ಲವಾ ಎಂದಿರಬಹುದು. ಬೇರೇನಾದರೂ ಇರಬಹುದು. ಆ ಬೇರೇನಾದರೂ ಎಂಬಲ್ಲಿಗೆ ಬಂದಾಗಲೆಲ್ಲ ಅವನು ಕಿಟಕಿಯ ಹೊರಗೆ ನೋಡುತ್ತಿದ್ದ.

ಆ ವಾರ ಎದುರು ಬಾಗಿಲು ತೆರೆಯಲಿಲ್ಲ. ಲಿಫ್ಟಿನಲ್ಲಿ ಶೀನಪ್ಪ ಸೆಕೆಯ ವಿಷಯವನ್ನೂ ಎತ್ತಲಿಲ್ಲ. ಮೊರಿಸ್ ಮುದೀರನ ಕೋಣೆಗೆ ತಾನಾಗಿಯೇ ಹೋಗಿ ಮದುವೆ ಖಲಾಸ್ ಎಂದು ಹೇಳಿ ಬಂದ. ಅಕ್ಕನಿಗೆ ಫೋನ್ ಮಾಡಿ ನಿಜ ಹೇಳಿದ. ಲೂರ್ದ್ ಈ ಸಲ ಅಳಲಿಲ್ಲ. "ಸುಣ್ಣ ಹೊಡೆಸಿದ್ದು ಹಾಗೇ ಇರ್ಲಿ," ಎಂದು ಮೆಲ್ಲಗೆ ಹೇಳಿದಳು. ಅವಳು ಅತ್ತಿದ್ದರೇ ಚೆನ್ನಾಗಿತ್ತು. ಊಟಕ್ಕೆ ಕುಳಿತರೆ ಎದುರಿಗೆ ನೋಡಲು ಏನೂ ಇರಲಿಲ್ಲ. ಎಲ್ಸಿಯ ನಂಬರನ್ನು ವಾರಿಜಾಕ್ಷಿಯ ಮೂಲಕ ಲೋಲಾಕ್ಷಿಯಿಂದ ತರಿಸಬಹುದಿತ್ತು; ಆದರೆ ಆ ಬೆಲ್ಲು ಒತ್ತುವ ಮುಖ ಅವನಿಗಿರಲಿಲ್ಲ. ಕ್ಯಾಂಟೀನಿನಲ್ಲಿ ಹೀದರ್ ಕೇಳಿದಾಗ ಅವಳು ಹೇಳಿದ್ದ ಆಸ್ಪತ್ರೆಯ ಹೆಸರು ಮಾತ್ರ ಅವನಿಗೆ ನೆನಪಿತ್ತು.

ಶುಕ್ರವಾರ ಪೂಜೆ ಮುಗಿಸಿ ಬಂದವನು ಅಂಗಿ ಬದಲಿಸಿ ಮತ್ತೆ ಹೊರಟ. ಲಿಫ್ಟಿನ ಬಾಗಿಲು ಮುಚ್ಚುವ ಮುಂಚೆ ವಾರಿಜಾಕ್ಷಿ ಕಸದ ಚೀಲ ಹಿಡಿದು ಒಳಗೆ ಬಂದಳು. ಇಬ್ಬರೂ ಮೇಲಿನ ಅಂಕಿಗಳನ್ನೇ ನೋಡುತ್ತ ಒಂದು ಮಹಡಿ ಇಳಿದರು.

"ಎಲ್ಲಿಗೆ?" ಎಂದಳು ಅವಳು ಕೊನೆಗೆ, ಅಂಕಿಗಳನ್ನೇ ನೋಡುತ್ತ.

"ಅಲ್ ಐನ್‌ಗೆ. ಎಲ್ಸಿಬಾಯಿಯ ಹತ್ತಿರ ಒಂದು ವಿಷಯ ಕೇಳ್ಲಿಕ್ಕುಂಟು."

"ಎಂತ ವಿಷಯ?"

"ಅದು ಗೊತ್ತಿಲ್ಲ," ಎಂದ ಮೊರಿಸ್. "ನಾನು ಹೌದು ಅಂತ ಹೇಳಿ ಆಗಿದೆ."